ಅಮ್ಮ ಅರ್ಧಕ್ಕೆ ಬಿಟ್ಟ ಹೊಲಿಗೆ

ತುಂಬ ದಿನಗಳಿಂದ ಇಲ್ಲಿ ಏನೂ ಬರೆದಿಲ್ಲ. ಒಂದಿಬ್ಬರು ಮೇಲ್ ಮಾಡಿ ‘ಎಲ್ಲಿ ಮಾಯ ಆದ್ರಿ?’ ಅಂತ ಕೇಳಿದ್ದೀರಿ. ಎಲ್ಲಿಗೂ ಹೋಗಿರಲಿಲ್ಲ ಮಾರಾಯ್ರೆ, ಇಲ್ಲೇ ಮಣಿಪಾಲದಲ್ಲೇ ಇದ್ದೆ. ಬರೆಯುವ ಹೊತ್ತಿನಲ್ಲಿ ಹೊಲಿಯುತ್ತಾ ಕೂತಿದ್ದೆ, ಅಷ್ಟೆ. ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲದ ಒಂದು ಪುಟ್ಟ ಹಾಸು. ಹುಟ್ಟುವ ಮಗುವಿಗೆ ಉಡುಗೊರೆ. ಮುಗಿಸಿ ಕೊಟ್ಟೂ ಆಯಿತು. ಆಮೇಲೂ ಕೆಲವು ಕಾಲ ಅದರ ಬಗ್ಗೆ ಬರೆಯಲು ಕೈ ಬರಲಿಲ್ಲ. ಈಗ ಬರೆದುಬಿಡುತ್ತೇನೆ.

ಹಳೇ ಸೀರೆಗಳನ್ನು ನಾಲ್ಕು ಪದರ ಮಾಡಿ ಒಟ್ಟಿಗೆ ಹೊಲಿಯುವುದು, ನಿಮಗೆಲ್ಲ ಗೊತ್ತಿರುವಂಥದ್ದೇ. ಧಾರವಾಡದ ಕಡೆಯವರು ಕೌದಿ ಅನ್ನುತ್ತಾರೆ. ನನ್ನ ಕೊಂಕಣಿ ಗೆಳತಿಯ ಮನೆಯಲ್ಲಿ ಅದು ವಾಕಳ. ಅಮ್ಮನ ಬಾಯಲ್ಲಿ ಅದಕ್ಕೆ ಅಂಥ ದೊಡ್ಡ ಹೆಸರೇನೂ ಇರಲಿಲ್ಲ. ‘ಮಗುವಿನ ಹಾಸು’ ಅಂತಿದ್ದಳು. ಊರಲ್ಲಿ ಯಾರ ಮನೆಯಲ್ಲಿ ಬಾಣಂತನ ಇದ್ದರೂ ಅಮ್ಮನಿಂದ ಒಂದು ಹಾಸು ಹೋಗುತ್ತಿತ್ತು. ನಾನು ನೋಡಿದ ಹಾಗೆ ಇಪ್ಪತ್ತಾದರೂ ಹೊಲಿದಿರಬಹುದು.

2024ರ ದೀಪಾವಳಿಗೆ ಮೊದಲು ಕಾರ್ಕಳಕ್ಕೆ ಹೋಗಿದ್ದೆ. ಹಿರಿಯಡ್ಕ, ಬೈಲೂರು ದಾಟಿ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ನನಗೆ ಈಗಲೂ ರಜೆ ಬಂದಷ್ಟು ಖುಷಿ. ಅಮ್ಮನಿಗೆ ಈಗ ಎಪ್ಪತ್ತೆಂಟು. ಕೈ ಸ್ವಲ್ಪ ನಡುಗುತ್ತದೆ, ಸೂಜಿಗೆ ನೂಲು ಪೋಣಿಸಲು ಆಗುವುದಿಲ್ಲ. ಆದರೆ ಅಟ್ಟ ಗುಡಿಸಿಲ್ಲ ಎಂಬುದು ಮಾತ್ರ ಕೂತಲ್ಲಿಂದಲೇ ಅವಳಿಗೆ ಕಾಣುತ್ತದೆ. ಅವಳ ಕಾಟ ತಡೆಯಲಾಗದೆ ಅಟ್ಟ ಹತ್ತಿದೆ. ತಾಮ್ರದ ಹಂಡೆಯ ಹಿಂದೆ ನಮ್ಮ ಅಪ್ಪನ ಕಾಲದ ಕಬ್ಬಿಣದ ಟ್ರಂಕು. ಅದರೊಳಗೆ, ತಲೆದಿಂಬಿನ ಕವರಿನಲ್ಲಿ ಸುತ್ತಿ ಇಟ್ಟ ಒಂದು ಬಟ್ಟೆ.

ಬಿಡಿಸಿ ನೋಡಿದ ಕೂಡಲೇ ಗೊತ್ತಾಯಿತು. ಅರ್ಧಕ್ಕಿಂತ ತುಸು ಹೆಚ್ಚು ಹೊಲಿದ ಹಾಸು. ಕೊನೆಯ ಸಾಲಿನಲ್ಲಿ ಸೂಜಿ ಇನ್ನೂ ಚುಚ್ಚಿದ ಹಾಗೇ ಇತ್ತು, ತುಕ್ಕು ಹಿಡಿದು ಬಟ್ಟೆಗೆ ಅಂಟಿಕೊಂಡಿತ್ತು. ಸೂಜಿಯ ಕಣ್ಣಲ್ಲಿ ನೂಲು ಕೂಡ ಹಾಗೇ.

ಅದು ನನ್ನ ಮಗುವಿಗೆ ಅಂತ ಹೊಲಿಯುತ್ತಿದ್ದದ್ದು. 2012ರಲ್ಲಿ.

ನಮ್ಮಲ್ಲಿ ಮಗು ಹುಟ್ಟುವ ಮೊದಲು ಏನನ್ನೂ ತಂದಿಡಬಾರದು ಅನ್ನುತ್ತಾರಲ್ಲ? ಅಮ್ಮ ಅದಕ್ಕೊಂದು ಉಪಾಯ ಹುಡುಕಿದ್ದಳು. ‘ಹೊಸತು ತಂದ್ರೆ ಅಲ್ವಾ ತಪ್ಪು? ಇದು ನನ್ನ ಹಳೇ ಸೀರೆ. ಇದಕ್ಕೆಂತ ಆಗುದಿಲ್ಲ’ ಅಂತ ಹೇಳಿ, ನನ್ನ ಬಯಕೆ ಮುಗಿಯುವ ಮೊದಲೇ ಶುರು ಮಾಡಿದ್ದಳು. ಏಳನೇ ತಿಂಗಳು ನಡೆಯುತ್ತಿತ್ತು. ಜೋರು ಮಳೆ. ಒಂದು ರಾತ್ರಿ ಆಸ್ಪತ್ರೆಗೆ ಹೋದೆವು. ಮೂರು ದಿನ ಬಿಟ್ಟು ಬರಿಗೈಯಲ್ಲಿ ವಾಪಸ್ ಬಂದೆವು. ಹೆಣ್ಣು ಮಗು ಅಂತ ಹೇಳಿದರು. ನಾನು ನೋಡಲಿಲ್ಲ. ನೋಡಬೇಡ ಅಂದರು, ನಾನೂ ಹೂಂ ಅಂದೆ. ಆ ‘ಹೂಂ’ ಬಗ್ಗೆ ಇವತ್ತಿಗೂ ನನಗೆ ನನ್ನ ಮೇಲೆಯೇ ಸಿಟ್ಟಿದೆ. ಆಮೇಲೆ ನಮಗೆ ಮಕ್ಕಳಾಗಲಿಲ್ಲ.

ಆ ವಿಷಯ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಒಳ್ಳೆಯದಕ್ಕೇ ಅಂತ ಸುಮ್ಮನಿದ್ದರು, ನನಗೆ ನೋವಾಗಬಾರದು ಅಂತ. ಅಮ್ಮ ಹಾಸನ್ನು ಎಲ್ಲಿಟ್ಟಳು ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹನ್ನೆರಡು ವರ್ಷ ಅದು ನಮ್ಮ ತಲೆಯ ಮೇಲೆಯೇ ಇತ್ತು.

ಅಟ್ಟದಿಂದ ಇಳಿದು ಬಂದು ಅಮ್ಮನ ಮಡಿಲಲ್ಲಿ ಇಟ್ಟೆ. ಅವಳು ಕಣ್ಣು ಹತ್ತಿರ ತಂದು ನೋಡಲಿಲ್ಲ. ಬೆರಳಿನಿಂದ ಸಾಲು ಮುಟ್ಟಿ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ, ‘ಕಾಪುವಿನ ಹುಡುಗಿಗೆ ಎಷ್ಟು ತಿಂಗಳು ಈಗ?’ ಅಂದಳು.

ಕಾಪುವಿನ ಹುಡುಗಿ ಅಂದರೆ ನನ್ನ ಅತ್ತಿಗೆಯ, ಅಂದರೆ ನಮ್ಮೆಜಮಾನರ ಅಕ್ಕನ ಮಗಳು. ಆಗ ಅವಳಿಗೆ ಆರು ತುಂಬುವುದರಲ್ಲಿತ್ತು.

‘ಅದನ್ನೇ ಮುಗಿಸಿ ಕೊಡು’ ಅಂದಳು ಅಮ್ಮ.

‘ಅಮ್ಮಾ, ನಿಂಗೆಂತ ಮರ್ಲಾ? ಇದನ್ನಾ? ಅವರು ಎಂತ ಹೇಳ್ಲಿಕ್ಕಿಲ್ಲ?’

‘ಬಟ್ಟೆ ಎಂತ ತಪ್ಪು ಮಾಡಿದೆ?’ ಅಂತ ಹೇಳಿ ಕಾಫಿ ಕೇಳಿದಳು. ಮಾತು ಅಲ್ಲಿಗೆ ಮುಗಿಯಿತು. ಅಮ್ಮಂದಿರು ಹೀಗೇ.

ಆ ಸೀರೆಯ ಬಗ್ಗೆ ಎರಡು ಮಾತು. ಅದು ಉಡುಪಿ ಸೀರೆ. ಕೈಮಗ್ಗದ್ದು, ತೆಳು ಬೂದು ಬಣ್ಣದ ಮೇಲೆ ಸಣ್ಣ ಚೌಕುಳಿ, ಕೆಂಪು ಅಂಚು. ನಮ್ಮ ಅಮ್ಮಂದಿರ ಕಾಲದಲ್ಲಿ ಮನೆಯಲ್ಲಿ ಉಡುವ ಸೀರೆ ಅಂದರೆ ಇದೇ. ಹೊಸತರಲ್ಲಿ ಗಟ್ಟಿ, ನೂರು ಸಲ ಒಗೆದ ಮೇಲೆ ಬೆಣ್ಣೆ. ನಮ್ಮ ಸೆಕೆಗೆ ಹೇಳಿ ಮಾಡಿಸಿದ ಹಾಗೆ ಬೆವರು ಹೀರುತ್ತದೆ. ನೈಲಾನು, ಪಾಲಿಯೆಸ್ಟರ್ ಬಂದ ಮೇಲೆ ಅದನ್ನು ಕೇಳುವವರು ಕಡಿಮೆಯಾದರು, ನೇಯುವವರೂ ಒಬ್ಬೊಬ್ಬರೇ ಮಗ್ಗ ಬಿಟ್ಟರು. 2016ರಲ್ಲಿ ಉಡುಪಿ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ, ಕಾರ್ಕಳದ ಕದಿಕೆ ಟ್ರಸ್ಟ್‌ನವರು ಸೇರಿ ಹಳೆಯ ನೇಕಾರರನ್ನು ಮತ್ತೆ ಮಗ್ಗಕ್ಕೆ ಕೂರಿಸಿದ್ದಾರೆ. ಈಗ ಹೊಸ ಉಡುಪಿ ಸೀರೆ ಸಿಗುತ್ತದೆ. ಆದರೆ ಮೂವತ್ತು ವರ್ಷ ಉಟ್ಟು ಒಗೆದ ಉಡುಪಿ ಸೀರೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳಿ? ಹುಟ್ಟಿದ ಮಗುವಿಗೆ ಮೊದಲು ಹಳೇ ಬಟ್ಟೆಯನ್ನೇ ಹಾಕುವುದು ಯಾಕೆ ಅಂತ ಆ ಹಾಸನ್ನು ಕೆನ್ನೆಗೆ ಒತ್ತಿಕೊಂಡಾಗ ಅರ್ಥವಾಯಿತು.

ಮಣಿಪಾಲಕ್ಕೆ ತಂದೆ. ಮೊದಲ ಕೆಲಸ ಸೂಜಿ ತೆಗೆಯುವುದು. ಎಳೆದರೆ ಬಟ್ಟೆ ಹರಿಯುತ್ತದೆ ಅಂತ ಕೊಬ್ಬರಿ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಮೆಲ್ಲಗೆ ತಿರುಗಿಸಿದರೆ ಬಂತು. ಸೂಜಿ ಇದ್ದ ಉದ್ದಕ್ಕೂ ಕಂದು ಗೆರೆ. ಎಣ್ಣೆಯನ್ನು ಸೋಪಿನಲ್ಲಿ ತೊಳೆದು, ಲಿಂಬೆಹಣ್ಣಿನ ರಸಕ್ಕೆ ಉಪ್ಪು ಹಾಕಿ ಗೆರೆಯ ಮೇಲೆ ಹಚ್ಚಿ ಬಿಸಿಲಿಗಿಟ್ಟೆ. ಮೂರು ಸಲ ಮಾಡಿದ ಮೇಲೆ ತಿಳಿಯಾಯಿತು. ಪೂರ್ತಿ ಹೋಗಲಿಲ್ಲ.

ಆಮೇಲೆ ಹೊಲಿಗೆ. ಅಮ್ಮನ ಒಂದೊಂದು ಹೊಲಿಗೆ ಅಕ್ಕಿಕಾಳಿನಷ್ಟು, ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ, ಅಳೆದಿಟ್ಟ ಹಾಗೆ. ನನ್ನದು? ಮೊದಲ ಸಾಲು ಮುಗಿದಾಗ ಕುಡಿದವ ಕಟ್ಟಪುಣಿಯ ಮೇಲೆ ನಡೆದ ಹಾಗಿತ್ತು. ನಾಲ್ಕು ಪದರಕ್ಕೆ ಸೂಜಿ ಒಂದೇ ಸಲ ಇಳಿಯಬೇಕು. ಕೆಳಗಿನ ಪದರ ಸುಕ್ಕಾದರೆ ಮೇಲೆ ಕಾಣುವುದಿಲ್ಲ, ತಿರುಗಿಸಿದಾಗ ಮಾತ್ರ ಗೊತ್ತಾಗುತ್ತದೆ. ಎರಡು ಸಲ ಬಿಚ್ಚಿದೆ. ಒಂದು ಹಂತದಲ್ಲಿ ಅಮ್ಮನದ್ದನ್ನೂ ಬಿಚ್ಚಿ ಎಲ್ಲವನ್ನೂ ಒಂದೇ ಹಾಗೆ ಹೊಲಿದರೆ ಹೇಗೆ ಅನ್ನಿಸಿತು. ಕತ್ತರಿ ತೆಗೆದೆ. ಕೈ ಹೋಗಲಿಲ್ಲ. ಹಾಗಾಗಿ ಈಗ ಆ ಹಾಸಿನಲ್ಲಿ ಅಮ್ಮ ಎಲ್ಲಿ ನಿಂತಳು, ನಾನು ಎಲ್ಲಿ ಶುರು ಮಾಡಿದೆ ಅಂತ ಯಾರು ಬೇಕಾದರೂ ಬೆರಳಿಟ್ಟು ತೋರಿಸಬಹುದು.

ಆ ಕಂದು ಗೆರೆಗೆ ಏನು ಮಾಡುವುದು? ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯ ಬಗ್ಗೆ ಓದಿದ್ದು ನೆನಪಿಗೆ ಬಂತು. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆಯನ್ನು ಮೂರು ಮೂಲೆಗೆ ಮಡಚಿ ಹೊಲಿದ ‘ಫೂಲ’ ಇರಲೇಬೇಕು. ಅದಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಬೆತ್ತಲೆ, ಮುಗಿದ ಹಾಗೆಯೇ ಅಲ್ಲ. ಎಷ್ಟು ಚೆಂದದ ಮಾತು ಅಲ್ವಾ? ನಾನೂ ಅದೇ ಸೀರೆಯ ಕೆಂಪು ಅಂಚಿನ ತುಂಡನ್ನು ಹಾಗೇ ಮಡಚಿ ಗೆರೆಯ ಮೇಲೆ ಇಟ್ಟು ಹೊಲಿದೆ. ಅವರದು ಮೂಲೆಯಲ್ಲಿ, ನನ್ನದು ನಟ್ಟನಡುವೆ. ನೋಡಿದವರಿಗೆ ಇದೆಂತ ಇಲ್ಲಿ ಅನ್ನಿಸಬಹುದು.

ಜನವರಿಯ ಕೊನೆಗೆ ಒಂದು ಗೇಣು ಬಾಕಿ ಉಳಿಯಿತು. ಒಂದು ಸಂಜೆಯ ಕೆಲಸ. ಆದರೆ ಹತ್ತು ದಿನ ಮುಟ್ಟಲಿಲ್ಲ. ನೂಲು ಸಾಲದು ಅಂತ ಒಂದು ನೆವ, ಆಫೀಸಿನಲ್ಲಿ ಕೆಲಸ ಅಂತ ಇನ್ನೊಂದು. ನಮ್ಮೆಜಮಾನರು ಒಂದು ರಾತ್ರಿ ಊಟ ಮಾಡುತ್ತಾ, ‘ಮುಗಿಸ್ಲಿಕ್ಕೆ ಮನಸ್ಸಿಲ್ವಾ?’ ಅಂತ ಕೇಳಿದರು. ನಾನು ಸಿಡುಕಿದೆ. ಪಾತ್ರೆ ತೊಳೆಯುವಾಗ ಅಳು ಬಂತು. ಹೌದು, ಮನಸ್ಸಿರಲಿಲ್ಲ. ಅರ್ಧಕ್ಕೆ ನಿಂತಷ್ಟು ದಿನ ಅದು ನನ್ನ ಮಗಳ ಹಾಸು. ಮುಗಿದ ದಿನ ಇನ್ನೊಬ್ಬರದ್ದು. ನನ್ನ ಮಗಳಿಗೆ ಅಂತ ಈ ಲೋಕದಲ್ಲಿ ಇದ್ದದ್ದು ಅದೊಂದೇ ವಸ್ತು. ಹೆಸರು ಕೂಡ ಇಟ್ಟಿರಲಿಲ್ಲ.

ಫೆಬ್ರವರಿಯಲ್ಲಿ ಕಾಪುವಿನಿಂದ ಫೋನ್ ಬಂತು. ಗಂಡು ಮಗು, ತಾಯಿ ಮಗು ಆರಾಮ. ಆ ರಾತ್ರಿ ಕೂತು ಗೇಣು ಮುಗಿಸಿದೆ. ಕೊನೆಯ ಗಂಟು ಹಾಕಿ ನೂಲನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದೆ, ಅಮ್ಮ ಮಾಡುತ್ತಿದ್ದ ಹಾಗೆ.

ಹೇಳಿ ಕೊಡುವುದಾ, ಹೇಳದೆ ಕೊಡುವುದಾ? ‘ಹೇಳದೆ ಕೊಡು, ಸುಮ್ನೆ ಎಂತಕ್ಕೆ?’ ಅಂದರು ನಮ್ಮವರು. ತೊಟ್ಟಿಲಿಗೆ ಹಾಕುವ ದಿನ ಜನ ಜಾಸ್ತಿ ಅಂತ ಅದರ ಮರುವಾರ ಹೋದೆವು. ಉಡುಪಿ ದಾಟಿ, ಕಟಪಾಡಿ ದಾಟಿ, ಕಾಪು ಬರುವವರೆಗೂ ಕಾರಿನಲ್ಲಿ ಅದೇ ಯೋಚನೆ. ಹಿಂದೆ ಮುಂದೆ ಗೊತ್ತಿಲ್ಲದೆ ತೆಗೆದುಕೊಂಡು, ಆಮೇಲೆ ಅಮ್ಮನ ಬಾಯಿಂದಲೋ ಮತ್ತೊಬ್ಬರ ಬಾಯಿಂದಲೋ ಗೊತ್ತಾದರೆ? ಅದು ಅವರಿಗೆ ಮಾಡಿದ ಮೋಸ. ಇಷ್ಟು ವರ್ಷ ಎಲ್ಲರೂ ಬಾಯಿ ಮುಚ್ಚಿಕೊಂಡದ್ದು ಸಾಲದಾ ಅಂತಲೂ ಅನ್ನಿಸಿತು.

ಕೋಣೆಯಲ್ಲಿ ಹುಡುಗಿ ಒಬ್ಬಳೇ ಇದ್ದಳು. ಮಗು ನಿದ್ದೆ. ಹಾಸನ್ನು ಮಡಿಲಲ್ಲಿಟ್ಟುಕೊಂಡು ಪೂರ್ತಿ ಹೇಳಿದೆ. ‘ಬೇಡ ಅನ್ನಿಸಿದ್ರೆ ಬೇಡ. ನಂಗೆ ಬೇಜಾರಿಲ್ಲ’ ಅಂದೆ. ಸುಳ್ಳು, ಬೇಜಾರಾಗುತ್ತಿತ್ತು.

ಅವಳು ಹಾಸನ್ನು ತೆಗೆದುಕೊಂಡಳು. ಬಿಡಿಸಿದಳು. ಆ ಕೆಂಪು ತುಂಡಿನ ಮೇಲೆ ಕೈಯಿಟ್ಟಳು. ಆಮೇಲೆ ಕೇಳಿದ್ದು ಏನು ಗೊತ್ತಾ? ‘ಅತ್ತೆ, ಇದನ್ನು ಬಿಸಿನೀರಲ್ಲಿ ತೊಳೀಬಹುದಾ? ಬಣ್ಣ ಬಿಡುದಿಲ್ಲ ಅಲ್ವಾ?’

ಅವಳು ನರ್ಸಿಂಗ್ ಓದಿದವಳು. ಇನ್ನೊಂದು ಮಾತೂ ಹೇಳಿದಳು. ಒಂದು ವರ್ಷ ಆಗುವ ತನಕ ಮಗು ನಿದ್ದೆ ಮಾಡುವಾಗ ಹೊದೆಸುವುದಾಗಲೀ ಅಡಿಗೆ ಹಾಸುವುದಾಗಲೀ ಮಾಡುವುದಿಲ್ಲವಂತೆ. ಸಡಿಲ ಬಟ್ಟೆ, ಮೆತ್ತನೆಯ ಹಾಸು ಮಗುವಿನ ಮೂಗು ಬಾಯಿ ಮುಚ್ಚಿದರೆ ಅಪಾಯ. ಹಾಗಾಗಿ ಎಚ್ಚರ ಇದ್ದಾಗ, ಯಾರಾದರೂ ಹತ್ತಿರ ಕೂತಿದ್ದಾಗ ಮಾತ್ರ ನೆಲಕ್ಕೆ ಹಾಸಿ ಆಡಲು ಬಿಡುವುದು. ‘ಇದ್ರಲ್ಲೇ ಕವುಚಿ ಬೀಳ್ಲಿಕ್ಕೆ ಕಲೀತಾನೆ’ ಅಂದಳು. ನಾನು ಮಗುವನ್ನು ಸುತ್ತಿ ಮಲಗಿಸಿದ ಚಿತ್ರವನ್ನೇ ಮೂರು ತಿಂಗಳು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಅದು ಹೋಯಿತು. ಆದರೆ ಅವಳು ಹೇಳಿದ್ದೇ ಚೆಂದ ಅಂತ ಈಗ ಅನ್ನಿಸುತ್ತದೆ.

ಅತ್ತಿಗೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ಒಳಗೆ ಬಂದು ಮಂಚದ ತುದಿಯಲ್ಲಿ ಕೂತರು. ‘ಆಗ ನಾನು ನಿನ್ನನ್ನು ನೋಡ್ಲಿಕ್ಕೆ ಬರ್ಲಿಲ್ಲ ಅಲ್ವಾ?’ ಅಂದರು. ಬಂದಿರಲಿಲ್ಲ. ಅದನ್ನು ನಾನು ಹನ್ನೆರಡು ವರ್ಷ ಮರೆತಿರಲಿಲ್ಲ. ‘ಬಸ್ ಸ್ಟ್ಯಾಂಡ್ ತನಕ ಬಂದಿದ್ದೆ. ಎರಡು ಸಲ. ನಿನ್ನ ಎದುರು ಎಂತ ಹೇಳುದು ಅಂತ ಗೊತ್ತಾಗದೆ ವಾಪಸ್ ಹೋದೆ.’

ನಾನು ಏನೂ ಹೇಳಲಿಲ್ಲ. ಅವರ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಮಗು ಎದ್ದು ಕಿರುಚಿತು. ಹಾಸನ್ನು ನೆಲಕ್ಕೆ ಹಾಕಿ ಅದರ ಮೇಲೆ ಮಲಗಿಸಿದೆವು. ಕೈಕಾಲು ಬಡಿದು, ಮುಖ ಕೆಂಪು ಮಾಡಿಕೊಂಡು, ಮಹಾರಾಯ ಸರಿಯಾಗಿ ಆ ಕೆಂಪು ತುಂಡಿನ ಮೇಲೆಯೇ ಉಚ್ಚೆ ಹೊಯ್ದ. ಮೂವರೂ ನಕ್ಕೆವು. ಕಣ್ಣು ಒರೆಸಿಕೊಂಡು ನಕ್ಕೆವು.

ಹೊರಡುವಾಗ ಹಾಸು ಆಗಲೇ ಹಿತ್ತಿಲ ಹಗ್ಗದ ಮೇಲಿತ್ತು, ಕಡಲ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಾ. ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ.

‘ಒದ್ದೆ ಮಾಡಿದ್ನಾ?’ ಅಂದಳು. ‘ಹಾಗಾದ್ರೆ ಆಯ್ತು. ಇನ್ನು ಅದು ಅವನದ್ದು.’

ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಮತ್ತೆ ಅವಳೇ ಕೇಳಿದಳು, ‘ಅವಳಿಗೆ ನೀನು ಎಂತ ಹೆಸರು ಇಡ್ಬೇಕು ಅಂತ ಇದ್ದೆ?’ ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಹೇಳಿದೆ. ಅದೊಂದನ್ನು ಇಲ್ಲಿ ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಮನೆಯ ಅಟ್ಟದಲ್ಲೂ ಯಾರೋ ಅರ್ಧಕ್ಕೆ ಬಿಟ್ಟದ್ದು ಏನಾದರೂ ಇರಬಹುದು. ಒಮ್ಮೆ ಇಳಿಸಿ ನೋಡಿ. ಮುಗಿಸಲೇಬೇಕು ಅಂತೇನಿಲ್ಲ. ಬಿಸಿಲಿಗಾದರೂ ಹಾಕಿ.