ಬಾವಿಯ ನೀರಿನಿಂದ ಬೆಳೆದ ಬರ್ಟನ್

ಇಂಗ್ಲೆಂಡಿನ ನಡುನಾಡಿನಲ್ಲಿ, ಟ್ರೆಂಟ್ ನದಿಯ ದಡದ ಮೇಲೆ, ಬರ್ಟನ್ ಎಂಬ ಊರುಂಟು. ನೋಡಲು ಅಲ್ಲಿ ಅರಮನೆಯಿಲ್ಲ, ಕೋಟೆಯಿಲ್ಲ. ಆದರೂ ಒಂದು ಕಾಲಕ್ಕೆ ರಷ್ಯಾದಿಂದ ಕಲ್ಕತ್ತೆಯವರೆಗೆ ಈ ಊರಿನ ಹೆಸರು ಜನರ ನಾಲಗೆಯ ಮೇಲಿತ್ತು. ಊರಿಗೆ ಕೀರ್ತಿ ತಂದುದು ಅದರ ಬೀರು. ಬೀರಿಗೆ ಕೀರ್ತಿ ತಂದುದು ಬಾವಿಯ ನೀರು. ಮದ್ಯವನ್ನು ಮುಟ್ಟದವರಿಗೂ ಈ ನೀರಿನ ಕಥೆ ಸ್ವಾರಸ್ಯವಾದುದೇ ಸರಿ.

11ನೆಯ ಶತಮಾನದ ಆದಿಯಲ್ಲಿ ಇಲ್ಲಿ ಕ್ರೈಸ್ತ ಸಂನ್ಯಾಸಿಗಳ ಮಠವೊಂದು ಸ್ಥಾಪನೆಯಾಯಿತು. ಜವೆಗೋಧಿಯನ್ನು ಮೊಳಕೆ ಬರಿಸಿ, ಒಣಗಿಸಿ, ಅದರ ರಸವನ್ನು ಹುದುಗಿಸಿ ಬೀರು ಮಾಡುವುದು ಆ ಕಾಲದ ಮಠಗಳಲ್ಲಿ ನಿತ್ಯದ ಕೆಲಸ. ಆದರೆ ಬರ್ಟನ್ನಿನ ನೆಲದಡಿಯಲ್ಲಿ ಜಿಪ್ಸಮ್ಮಿನ ಪದರಗಳಿವೆ. ಅವುಗಳ ನಡುವೆ ಇಳಿದು ಬರುವ ನೀರಿನಲ್ಲಿ ಸಲ್ಫೇಟಿನ ಅಂಶ ಹೆಚ್ಚು. ಲಂಡನ್ನಿನ ನೀರು ಕಪ್ಪು ಬಣ್ಣದ ಪೋರ್ಟರಿಗೆ ಒಗ್ಗಿದರೆ, ಬರ್ಟನ್ನಿನ ನೀರಿನಲ್ಲಿ ತಿಳಿಬಣ್ಣದ ಬೀರು ನಿರ್ಮಲವಾಗಿ ಬರುತ್ತಿತ್ತು. ಹಾಪ್ ಹೂವಿನ ಕಹಿ ಅದರಲ್ಲಿ ಚೊಕ್ಕಟವಾಗಿ ಎದ್ದು ಕಾಣುತ್ತಿತ್ತು.

18ನೆಯ ಶತಮಾನದಲ್ಲಿ ಟ್ರೆಂಟ್ ನದಿಯಲ್ಲಿ ಸರಕಿನ ದೋಣಿಗಳ ಸಂಚಾರ ಸುಗಮವಾಯಿತು. ಪೀಪಾಯಿಗಳು ಹಲ್ ಬಂದರನ್ನು ಸೇರಿ, ಅಲ್ಲಿಂದ ಬಾಲ್ಟಿಕ್ ಸಮುದ್ರವನ್ನು ದಾಟಿ ರಷ್ಯಾ ಮುಟ್ಟಿದುವು. ವಿಲಿಯಂ ಬಾಸ್ 1777ರಲ್ಲಿ ಇಲ್ಲಿ ತನ್ನ ಬ್ರೂವರಿಯನ್ನು ಆರಂಭಿಸಿದನು. ಆದರೆ ನೆಪೋಲಿಯನ್ನನ ದಿಗ್ಬಂಧನ ಈ ವ್ಯಾಪಾರಕ್ಕೆ ಪೆಟ್ಟು ಕೊಟ್ಟಿತು. 1822ರಲ್ಲಿ ರಷ್ಯಾ ವಿಧಿಸಿದ ಭಾರಿ ಸುಂಕ ಅದನ್ನು ನೆಲಕಚ್ಚಿಸಿತು.

ಅಳಿವಿನ ಅಂಚಿನಲ್ಲಿದ್ದ ಊರಿಗೆ ಆಸರೆಯಾದುದು ಭಾರತ. ಇಲ್ಲಿದ್ದ ಆಂಗ್ಲರಿಗೆ ಅದುವರೆಗೆ ಲಂಡನ್ನಿನ ಹಾಡ್ಜ್‌ಸನ್ ಮನೆತನದ ಬೀರು ಬರುತ್ತಿತ್ತು. ಅಂಥದನ್ನೇ ಮಾಡಲು ಸಾಧ್ಯವೇ ಎಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರೊಬ್ಬರು ಸ್ಯಾಮ್ಯುಯಲ್ ಆಲ್ಸಪ್‌ನನ್ನು ಕೇಳಿದರು. ಮೊದಲ ಪ್ರಯೋಗ ನಡೆದುದು ಚಹದ ಪಾತ್ರೆಯಲ್ಲಿ ಎಂದು ಪ್ರತೀತಿ. ಗುಡ್‌ಹೋಪ್ ಭೂಶಿರವನ್ನು ಬಳಸಿ ತಿಂಗಳುಗಟ್ಟಲೆ ಸಾಗುವ ಹಡಗಿನಲ್ಲಿ ಈ ಬೀರು ಕೆಡಲಿಲ್ಲ, ಮಾಗಿತು. ಆಲ್ಸಪ್‌ನ ಹಿಂದೆಯೇ ಬಾಸ್ ಮನೆತನವೂ ಭಾರತದ ದಾರಿ ಹಿಡಿಯಿತು.

1839ರಲ್ಲಿ ರೈಲು ಬಂದ ಮೇಲೆ ಬರ್ಟನ್ನಿನ ಭಾಗ್ಯಕ್ಕೆ ಎಲ್ಲೆಯೇ ಇಲ್ಲವಾಯಿತು. 1868ರಲ್ಲಿ ತೆರೆದ ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದ ನೆಲಮಾಳಿಗೆಯಲ್ಲಿ ಕಂಬಗಳ ನಡುವಣ ಅಂತರವನ್ನು ಬೀರಿನ ಪೀಪಾಯಿಗಳ ಅಳತೆಯಿಂದಲೇ ನಿಶ್ಚಯಿಸಿದರು. 1876ರಲ್ಲಿ ಬ್ರಿಟನ್ನಿನ ಮೊಟ್ಟಮೊದಲ ನೋಂದಾಯಿತ ವ್ಯಾಪಾರಮುದ್ರೆಯಾದುದು ಬಾಸ್‌ನ ಕೆಂಪು ತ್ರಿಕೋನ. ಫ್ರೆಂಚ್ ಚಿತ್ರಕಾರ ಮಾನೆ 1882ರಲ್ಲಿ ಮುಗಿಸಿದ ಪಾನಶಾಲೆಯ ಚಿತ್ರದಲ್ಲಿಯೂ ಆ ತ್ರಿಕೋನದ ಸೀಸೆ ಕಾಣುತ್ತದೆ.

ಊರಿನದೇ ಆದ ಒಂದು ವಿಧಾನವೂ ಬೆಳೆಯಿತು: ಬರ್ಟನ್ ಯೂನಿಯನ್. ಓಕ್ ಮರದ ದೊಡ್ಡ ಪೀಪಾಯಿಗಳನ್ನು ಸಾಲಾಗಿ ಜೋಡಿಸಿ, ಮೇಲೆ ಉದ್ದನೆಯ ತೊಟ್ಟಿಯನ್ನಿಡುವರು. ಹುದುಗು ಬಂದಾಗ ಯೀಸ್ಟಿನ ನೊರೆ ಹಂಸದ ಕೊರಳಿನಂತೆ ಬಾಗಿದ ಕೊಳವೆಗಳ ಮೂಲಕ ಮೇಲೇರಿ ತೊಟ್ಟಿಗೆ ಬೀಳುವುದು. ಯೀಸ್ಟು ಅಲ್ಲಿಯೇ ಉಳಿದು, ತಿಳಿಯಾದ ಬೀರು ಪೀಪಾಯಿಗಳಿಗೆ ಮರಳುವುದು.

ಊರಿನ ಹಿರಿಮೆಯ ಮೂಲವನ್ನು ರಸಾಯನಶಾಸ್ತ್ರ ಬಯಲುಮಾಡಿತು. ನೀರಿನ ಗುಟ್ಟು ಜಿಪ್ಸಮ್ ಎಂದು ತಿಳಿದ ಮೇಲೆ ಯಾವ ಊರಿನ ನೀರಿಗಾದರೂ ಅದನ್ನು ಬೆರೆಸಬಹುದಾಯಿತು. ಆ ಕ್ರಿಯೆಗೆ 'ಬರ್ಟನೈಸ್ ಮಾಡುವುದು' ಎಂಬ ಹೆಸರೇ ನಿಂತಿತು. ಊರಿನ ಹೆಸರು ಕ್ರಿಯಾಪದವಾಯಿತು. ಊರಿಗಿದ್ದ ಏಕಸ್ವಾಮ್ಯ ಮಾತ್ರ ಹೋಯಿತು. 20ನೆಯ ಶತಮಾನದಲ್ಲಿ ಬ್ರೂವರಿಗಳು ಒಂದರೊಳಗೊಂದು ಲೀನವಾದುವು. 2000ದಲ್ಲಿ ಬಾಸ್ ಕಂಪನಿಯೇ ತನ್ನ ಬೀರಿನ ಉದ್ಯಮವನ್ನು ಬೆಲ್ಜಿಯಂ ಮೂಲದ ಕಂಪನಿಗೆ ಮಾರಿತು.

ಹಳೆಯ ಯೂನಿಯನ್ ಪದ್ಧತಿಯನ್ನು ಕೊನೆಯವರೆಗೆ ಕಾಪಾಡಿಕೊಂಡು ಬಂದುದು ಮಾರ್ಸ್ಟನ್ಸ್ ಬ್ರೂವರಿ. 2024ರಲ್ಲಿ ಅಲ್ಲಿಯೂ ಅದು ನಿಂತಿತು. ಆದರೆ ಪೀಪಾಯಿಗಳ ಒಂದು ಸಾಲು ನೆರೆಯ ಡರ್ಬಿಷೈರಿನ ಥಾರ್ನ್‌ಬ್ರಿಡ್ಜ್ ಬ್ರೂವರಿಯ ಪಾಲಾಯಿತು. ಅದೇ ವರ್ಷ ಅವುಗಳಲ್ಲಿ ಮತ್ತೆ ಬೀರು ಹುದುಗಿತು. ಬರ್ಟನ್ನಿನ ಕಸುಬು ಬರ್ಟನ್ನಿನ ಹೊರಗೆ, ಬೇರೊಂದು ಊರಿನ ನೀರಿನಲ್ಲಿ, ಉಳಿದುಕೊಂಡಿದೆ.