ಎಷ್ಟು ರಾತ್ರಿಗಳ ದಾರಿ?

ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಆಕಾಶಮಾರ್ಗವಾಗಿ ಸುಮಾರು 14,000 ಕಿಲೋಮೀಟರ್. 2021ರ ಜನವರಿ 9ರ ಶನಿವಾರ ರಾತ್ರಿ ಏರ್ ಇಂಡಿಯಾದ ಮೊದಲ ನೇರ ವಿಮಾನವು ಮಹಿಳಾ ಪೈಲಟ್‌ಗಳ ಸಾರಥ್ಯದಲ್ಲಿ ಅಲ್ಲಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾದು, ಸುಮಾರು 17 ಗಂಟೆಗಳಲ್ಲಿ ಬಂದಿಳಿದಾಗ ಇಲ್ಲಿ ಸೋಮವಾರದ ನಸುಕು. ಭಾನುವಾರವು ಆಕಾಶದಲ್ಲೇ ಕಳೆದಿತ್ತು! (ಪ್ರಯಾಣಿಕರ ಬಲಿಪೂಜೆಯ ಗತಿಯೇನೆಂಬುದೇ ನನಗೆ ಮೊದಲು ಹೊಳೆದ ಚಿಂತೆ.)

ಮಗನು ಆ ಊರಿನಲ್ಲಿದ್ದ ಮೂಡಲಗಿಯ ವೃದ್ಧ ತಾಯಿಯೊಬ್ಬರಿಗೆ ಈ ಅಂಕಿಗಳನ್ನು ವಿವರಿಸಿದೆ. “ಮೈಲಿ ಬ್ಯಾಡ್ರಿ ಫಾದರ್, ಎಷ್ಟ್ ರಾತ್ರಿ ಆಗ್ತಾವ ಹೇಳ್ರಿ” ಎಂದರು. ಬೆಂಗಳೂರಿನಿಂದ ಸಾಂಬ್ರಾದವರೆಗಿನ ಹಾರಾಟ, ಅಲ್ಲಿಂದ ಗೋಕಾಕ ದಾಟಿ ಬರುವ ರಸ್ತೆ, ಎಲ್ಲವನ್ನೂ ಕೂಡಿಸಿ, “ಎರಡು” ಎಂದೆ.

ಮುಂದೆ ಅವರು ಹಾಸಿಗೆ ಹಿಡಿದರು. “ಈಗ ಬರ್ಲೇನ್ರಿ, ಕ್ರಿಸ್ಮಸ್ಸಿಗೆ ಬರ್ಲೋ?” ಎಂದು ಮಗ ಫೋನಿನಲ್ಲಿ ಕೇಳಿದ. ಹುಕ್ಕೇರಿಯಲ್ಲಿದ್ದ ನಾನು, ಆ ತಾಯಿಯನ್ನು ಕಣ್ಣಾರೆ ಕಾಣದೆಯೇ, ಎರಡೇ ರಾತ್ರಿಯಲ್ಲವೇ ಎಂಬ ಧೈರ್ಯದಿಂದ “ಕ್ರಿಸ್ಮಸ್ಸಿಗೆ ಬಾ” ಎಂದುಬಿಟ್ಟೆ. ರಜೆ, ಟಿಕೆಟ್ಟು ಯಾವುದೂ ನನ್ನ ಲೆಕ್ಕದಲ್ಲಿರಲಿಲ್ಲ.

ಅಂತ್ಯಾಭ್ಯಂಗ ನೀಡಿ ಹೊರಬಂದು ನಾನು ಕರೆ ಮಾಡಿದ ನಾಲ್ಕನೆಯ ದಿನ ಅವನು ಬಂದ. ಸಮಾಧಿಯ ಮಣ್ಣು ಇನ್ನೂ ಹಸಿಯಾಗಿತ್ತು. ನನ್ನನ್ನು ದೂರಲಿಲ್ಲ.

“ಎರಡ ರಾತ್ರಿ ದಾರಿ ಅಂತ ಅವ್ವ ಎಲ್ಲಾರ್ಗೂ ಹೇಳ್ತಿದ್ಲಂತ್ರಿ” ಎಂದ.