ರೈಲು ನಿಲ್ದಾಣದ ಆಮೆಗಳು

ಸ್ಪೇನಿನ ರಾಜಧಾನಿಯಾದ ಮ್ಯಾಡ್ರಿಡ್ ನಗರದ ಅಟೋಚಾ ನಿಲ್ದಾಣದಲ್ಲಿ 1892ರಷ್ಟು ಹಳೆಯದಾದ ಕಬ್ಬಿಣದ ಮಹಾ ಛಾವಣಿಯೊಂದಿದೆ. ಅದರಡಿಗೆ ಈಗ ರೈಲು ಬರುವುದಿಲ್ಲ. 1992ರಲ್ಲಿ ಅಲ್ಲಿ ಉಷ್ಣವಲಯದ ಗಿಡಮರಗಳ ತೋಟವನ್ನೂ ಕೊಳವನ್ನೂ ನಿರ್ಮಿಸಿದರು. ಆ ಕೊಳಕ್ಕೆ ಆಮೆಗಳನ್ನು ತಂದು ಬಿಟ್ಟವರು ನಗರದ ಗೃಹಸ್ಥರೇ! ಕೊಂಡಾಗ ನಾಣ್ಯದಷ್ಟಿದ್ದ ಕೆಂಪುಗಿವಿಯ ಆಮೆಮರಿ ಕೆಲವು ವರ್ಷಗಳಲ್ಲಿ ತಟ್ಟೆಯಷ್ಟಾಗುತ್ತದೆ. ಮನೆಯ ಗಾಜಿನ ತೊಟ್ಟಿ ಅದಕ್ಕೆ ಸಾಲದು.

ಬಿಸಿಲು ಕಾಯಲು ಇರುವುದು ಒಂದೇ ಕಲ್ಲು, ಹತ್ತುವವು ಹಲವು ಎಂದಾದರೆ ಸಾಧುಪ್ರಾಣಿಯೂ ಕಚ್ಚುತ್ತದೆ. ಚಿಪ್ಪು ಬೆನ್ನನ್ನು ಕಾಯ್ದೀತು. ಬಾಲವನ್ನೂ ಕಾಲನ್ನೂ ಕಾಯಲಾರದು. ಗಾಯಗೊಂಡ ಆಮೆಯನ್ನು ಒಡನೆಯೇ ಬೇರ್ಪಡಿಸಿ, ಪಶುವೈದ್ಯರಿಗೆ ತೋರಿಸಬೇಕು. ಬೆಚ್ಚಗಿನ ಒಣ ಜಾಗದಲ್ಲಿರಿಸಿ, ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ ಶುದ್ಧವಾದ ನೀರಿಗೆ ಬಿಡಬೇಕು. ಗಾಯ ಮಾಗಿತೆಂದು ಮತ್ತೆ ಅದೇ ಇಕ್ಕಟ್ಟಿಗೆ ಸೇರಿಸಿದರೆ ಕಚ್ಚಾಟವೂ ಮರಳುತ್ತದೆ. ನಿಜವಾದ ಮದ್ದು ಎಡೆಯೇ.

ಅಟೋಚಾದಲ್ಲಿಯೂ ಕಡೆಗೆ ದೊರೆತದ್ದು ಈ ಮದ್ದೇ. ಆಮೆಗಳ ಸಂಖ್ಯೆ 300ರಷ್ಟಾಗಿ ಕೊಳ ಕಿಕ್ಕಿರಿದಾಗ, 2018ರಲ್ಲಿ ಅವುಗಳನ್ನು ನಾವಾಸ್ ದೆಲ್ ರೇ ಎಂಬ ಊರಿನ ವನ್ಯಪ್ರಾಣಿ ಕೇಂದ್ರಕ್ಕೆ ಸಾಗಿಸಿದರು. ಆಮೆಮರಿಯ ಬೆಲೆ ಅಲ್ಪ. ಅದಕ್ಕೆ ಒದಗಿಸಬೇಕಾದ ನೆಲೆ ದೊಡ್ಡದು. ಕೊಳ್ಳುವ ಮುನ್ನವೇ ಮನೆಮಂದಿ ಇದನ್ನು ಎಣಿಸುವುದು ಲೇಸು.